ಒಂದು ಸೆಕೆಂಡಿಗೆ ಎಷ್ಟು ಚಿತ್ರ ಸಾಕು?

ಕಂಪ್ಯೂಟರಿನ ಪರದೆಯ ಮೇಲೆ ಯಾವುದೂ ಚಲಿಸುವುದಿಲ್ಲ. ಎದುರಾಳಿ ಗೋಡೆಯ ಮರೆಯಿಂದ ಜಿಗಿದದ್ದು, ಕಾರು ತಿರುವಿನಲ್ಲಿ ಜಾರಿದ್ದು, ಚೆಂಡು ಗೋಲಿನೊಳಕ್ಕೆ ನುಗ್ಗಿದ್ದು, ಎಲ್ಲವೂ ನಿಂತ ಚಿತ್ರಗಳೇ. ಒಂದನ್ನು ತೆಗೆದು ಅದೇ ಜಾಗದಲ್ಲಿ ತುಸು ಬೇರೆಯಾದ ಇನ್ನೊಂದನ್ನು ಇಡುತ್ತ ಹೋದರೆ ನಡುವಿನ ಚಲನೆಯನ್ನು ನಮ್ಮ ಮಿದುಳೇ ತುಂಬಿಕೊಳ್ಳುತ್ತದೆ. ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಮ್ಯಾಕ್ಸ್ ವರ್ತೈಮರ್ ಎಂಬ ಮನಶ್ಶಾಸ್ತ್ರಜ್ಞ ಇದನ್ನು ಪ್ರಯೋಗಕ್ಕೆ ಒಡ್ಡಿ 1912ರಲ್ಲಿ ಪ್ರಕಟಿಸಿದ. ಅಕ್ಕಪಕ್ಕದ ಎರಡು ಗೆರೆಗಳನ್ನು ಒಂದಾದ ಮೇಲೊಂದು ತೋರಿಸುತ್ತಿದ್ದ. ನಡುವಿನ ಬಿಡುವು ಸುಮಾರು 60 ಮಿಲಿಸೆಕೆಂಡ್ ಇದ್ದಾಗ ನೋಡುವವರಿಗೆ ಎರಡು ಗೆರೆ ಕಾಣಲೇ ಇಲ್ಲ. ಒಂದೇ ಗೆರೆ ಅಲ್ಲಿಂದ ಇಲ್ಲಿಗೆ ಸರಿದದ್ದು ಕಂಡಿತು.

60 ಮಿಲಿಸೆಕೆಂಡಿಗೆ ಒಂದು ಚಿತ್ರ ಎಂದರೆ ಸೆಕೆಂಡಿಗೆ ಹದಿನಾರು ಹದಿನೇಳು ಚಿತ್ರ. ಮಿದುಳನ್ನು ನಂಬಿಸಲು ಅಷ್ಟು ಸಾಕು. ಹಾಗಿದ್ದ ಮೇಲೆ ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ 144, 180, 240, 360 ಎಂಬ ಅಂಕಿಗಳನ್ನು ದೊಡ್ಡದಾಗಿ ಬರೆದುಕೊಂಡ ಮಾನಿಟರ್ ಡಬ್ಬಗಳು ಏಕೆ ಪೇರಿಸಿ ನಿಂತಿವೆ? ಆ ಅಂಕಿಗೆ ‘ರಿಫ್ರೆಶ್ ರೇಟ್’ ಎನ್ನುತ್ತಾರೆ: ಒಂದು ಸೆಕೆಂಡಿನಲ್ಲಿ ಪರದೆ ಎಷ್ಟು ಬಾರಿ ತನ್ನ ಚಿತ್ರವನ್ನು ಬದಲಿಸಿಕೊಳ್ಳಬಲ್ಲದು ಎಂಬ ಲೆಕ್ಕ. ಅಳತೆಯ ಘಟಕ ಹರ್ಟ್ಜ್. ಈ ಅಂಕಿಗೆ ಹಣ ಕೊಡುವ ಮೊದಲು ಅದರಿಂದ ಕಣ್ಣಿಗೇನು ಸಿಗುತ್ತದೆ, ಕೈಗೇನು ಸಿಗುತ್ತದೆ ಎಂದು ಬಿಡಿಸಿ ನೋಡಬೇಕು.

ಸಿನಿಮಾದವರು 24ಕ್ಕೆ ನಿಂತರು. ಮೂಕಿ ಚಿತ್ರಗಳ ಕಾಲದಲ್ಲಿ ಕ್ಯಾಮೆರಾವನ್ನು ಕೈಯಲ್ಲೇ ತಿರುಗಿಸುತ್ತಿದ್ದುದರಿಂದ ವೇಗ ಆಪರೇಟರನ ತೋಳಿಗೆ ಬಿಟ್ಟ ವಿಷಯವಾಗಿತ್ತು. 1920ರ ದಶಕದ ಕೊನೆಗೆ ಫಿಲ್ಮಿನ ಅಂಚಿಗೆ ಧ್ವನಿ ಬಂದು ಕೂತಿತು. ಆಮೇಲೆ ವೇಗ ಏರುಪೇರಾದರೆ ನಾಯಕನ ದನಿಯೂ ಏರುಪೇರಾಗತೊಡಗಿತು. ಸೆಕೆಂಡಿಗೆ 24 ಎಂದು ಗಟ್ಟಿಯಾದದ್ದು ಆಗಲೇ. ಆದರೆ ಬೆಳಕು ಸೆಕೆಂಡಿಗೆ 24 ಸಲ ಹೊತ್ತಿ ಆರಿದರೆ ಪರದೆ ಮಿನುಗಿ ಕಣ್ಣು ನೋಯುತ್ತದೆ. ಹೀಗಾಗಿ ಪ್ರೊಜೆಕ್ಟರಿನ ಷಟರ್ ಒಂದೊಂದು ಚಿತ್ರವನ್ನೂ ಎರಡೋ ಮೂರೋ ಸಲ ಮಿಂಚಿಸುತ್ತಿತ್ತು. ಚಿತ್ರ 24, ಮಿಂಚು 48 ಅಥವಾ 72.

ಇಲ್ಲಿ ಒಂದಲ್ಲ, ಎರಡು ಪ್ರಶ್ನೆಗಳಿವೆ ನೋಡಿ. ಚಲನೆ ಕಾಣಲು ಎಷ್ಟು ಬೇಕು ಎಂಬುದು ಒಂದು. ಮಿನುಗು ಕಾಣದಿರಲು ಎಷ್ಟು ಬೇಕು ಎಂಬುದು ಇನ್ನೊಂದು. ‘ಮನುಷ್ಯನ ಕಣ್ಣಿಗೆ ಸೆಕೆಂಡಿಗೆ ಇಷ್ಟೇ ಫ್ರೇಮ್ ಕಾಣುವುದು’ ಎಂದು ಅಧಿಕಾರವಾಣಿಯಲ್ಲಿ ಹೇಳುವವರು ಇವೆರಡನ್ನೂ ಕಲಸಿಬಿಡುತ್ತಾರೆ. ಕಣ್ಣಿನಲ್ಲಿ ಷಟರ್ ಇಲ್ಲ, ಅದು ಫ್ರೇಮುಗಳಲ್ಲಿ ನೋಡುವುದೂ ಇಲ್ಲ. ಮಿನುಗು ಮಾಯವಾಗುವ ವೇಗ ಕೂಡ ಸ್ಥಿರವಲ್ಲ: ಪರದೆ ಪ್ರಕಾಶಮಾನವಾದಷ್ಟೂ ಆ ವೇಗ ಏರುತ್ತದೆ ಎನ್ನುತ್ತದೆ ಫೆರಿ–ಪೋರ್ಟರ್ ನಿಯಮ. ಮಿನುಗನ್ನು ಗುರುತಿಸುವುದರಲ್ಲಿ ನೇರ ನೋಟಕ್ಕಿಂತ ಕಡೆಗಣ್ಣು ಚುರುಕು. ನೊಣದ ಕಣ್ಣಂತೂ ಸೆಕೆಂಡಿಗೆ ಸುಮಾರು 250 ಮಿನುಗುಗಳನ್ನು ಬಿಡಿಬಿಡಿಯಾಗಿ ನೋಡಬಲ್ಲದು. ನಾವು ಕೈ ಎತ್ತುವಷ್ಟರಲ್ಲಿ ಅದು ಹಾರಿಹೋಗಲು ಇದೂ ಒಂದು ಕಾರಣ. ನಮ್ಮ ಕಣ್ಣನ್ನೂ ಹಗುರವಾಗಿ ಎಣಿಸಬೇಕಿಲ್ಲ. ಚಿತ್ರದಲ್ಲಿ ಚೂಪಾದ ಅಂಚುಗಳಿದ್ದು ಕಣ್ಣುಗುಡ್ಡೆ ಸರಿದಾಡುತ್ತಿದ್ದರೆ 500 ಹರ್ಟ್ಜ್‌ನಲ್ಲೂ ಮಿನುಗಿನ ಕುರುಹು ಗೊತ್ತಾಗುತ್ತದೆ ಎಂದು ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ 2015ರಲ್ಲಿ ಬಂದ ಅಧ್ಯಯನವೊಂದು ತೋರಿಸಿತು.

ಮೂರನೆಯ ಪ್ರಶ್ನೆಯೊಂದಿದೆ: ಚಲಿಸುವ ವಸ್ತು ಚಲಿಸುತ್ತಿರುವಾಗಲೇ ಸ್ಪಷ್ಟವಾಗಿ ಕಾಣಲು ಎಷ್ಟು ಬೇಕು? ಗೇಮ್ ಆಡುವವರ ಪ್ರಶ್ನೆ ಇದೇ. ಸಿನಿಮಾ ಇದನ್ನು ಸುಲಭವಾಗಿ ದಾಟಿಕೊಂಡಿತು. ಕ್ಯಾಮೆರಾದ ಷಟರ್ ತೆರೆದಿರುವಷ್ಟು ಹೊತ್ತು ಓಡುವ ಕುದುರೆ ಫಿಲ್ಮಿನ ಮೇಲೆ ಮಸುಕಾಗಿ ಹರಡಿಕೊಳ್ಳುತ್ತದೆ. ಆ ಮಸುಕು ಒಂದು ಚಿತ್ರವನ್ನು ಮುಂದಿನದಕ್ಕೆ ಬೆಸೆಯುತ್ತದೆ. ಗ್ರಾಫಿಕ್ಸ್ ಕಾರ್ಡ್ ಬರೆಯುವ ಫ್ರೇಮಿನಲ್ಲಿ ಆ ಮಸುಕಿಲ್ಲ. ಅದು ಕಾಲದ ಒಂದು ಬಿಂದುವಿನಲ್ಲಿ ನಿಂತ ಚೂಪಾದ ಚಿತ್ರ. ಕೆಲವು ಗೇಮ್‌ಗಳು ಕೃತಕವಾಗಿ ಮಸುಕು ಸೇರಿಸುತ್ತವೆ. ಸ್ಪರ್ಧೆಗೆ ಆಡುವವರು ಮೊದಲು ಆಫ್ ಮಾಡುವುದು ಅದನ್ನೇ. ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ಸಿನಿಮಾ ನೋಡುವವನ ಕೈ ಸುಮ್ಮನಿರುತ್ತದೆ. ಗೇಮ್ ಆಡುವವನ ಕೈ ಮೌಸಿನ ಮೇಲಿರುತ್ತದೆ. ಪರದೆ ತಡ ಮಾಡಿದರೆ ಅವನಿಗದು ಕಾಣುವುದಷ್ಟೇ ಅಲ್ಲ, ಕೈಗೂ ತಾಗುತ್ತದೆ.

ಇನ್ನು 60 ಎಂಬ ಅಂಕಿ. ದಶಕಗಳ ಕಾಲ ಕಂಪ್ಯೂಟರ್ ಪರದೆಗಳು ಹೆಚ್ಚಾಗಿ 60 ಹರ್ಟ್ಜ್‌ನಲ್ಲೇ ನಿಂತಿದ್ದಕ್ಕೆ ಕಣ್ಣಿನ ವಿಜ್ಞಾನ ಕಾರಣವಲ್ಲ; ಅಮೆರಿಕದ ಕರೆಂಟು ಕಾರಣ. ಅಲ್ಲಿನ ವಿದ್ಯುತ್ ಸೆಕೆಂಡಿಗೆ 60 ಸಲ ದಿಕ್ಕು ಬದಲಿಸುವ ಆವರ್ತ ಮುಗಿಸುತ್ತದೆ. ಹಳೆಯ ಟಿವಿಗಳ ವೇಗ ಅದಕ್ಕೆ ಹೊಂದದಿದ್ದರೆ ಚಿತ್ರದ ಮೇಲೆ ಕಪ್ಪು ಪಟ್ಟಿಗಳು ತೇಲುತ್ತಿದ್ದವು. ಹೀಗಾಗಿ ಅಮೆರಿಕದ ಟಿವಿ 60ಕ್ಕೆ, 50 ಹರ್ಟ್ಜ್ ಕರೆಂಟಿನ ಯುರೋಪಿನದು 50ಕ್ಕೆ ಹೊಂದಿಕೊಂಡವು. ನಮ್ಮ ದೂರದರ್ಶನವೂ 50ರದ್ದೇ: 625 ಗೆರೆಗಳ ಚಿತ್ರವನ್ನು ಬೆಸ ಗೆರೆ, ಸಮ ಗೆರೆ ಎಂದು ಅರ್ಧರ್ಧವಾಗಿ ಸೆಕೆಂಡಿಗೆ 50 ಸಲ ಬರೆಯುತ್ತಿತ್ತು. ಅಂದರೆ ಪೂರ್ಣ ಚಿತ್ರ 25. ಕಂಪ್ಯೂಟರುಗಳು ಅಮೆರಿಕದಿಂದ ಬಂದವು, 60 ಅನ್ನು ಜೊತೆಗೆ ತಂದವು. ದೊಡ್ಡ ಹಿಂಭಾಗದ ಆ ಗಾಜಿನ ಮಾನಿಟರುಗಳ ಎದುರು ಕೆಲಸ ಮಾಡಿದವರಿಗೆ ನೆನಪಿರಬಹುದು, 60ರಲ್ಲಿ ಇಟ್ಟರೆ ಸಂಜೆಗೆ ತಲೆನೋವು. 75ಕ್ಕೋ 85ಕ್ಕೋ ಏರಿಸಿದರೆ ಆರಾಮ.

ಎಲ್‌ಸಿಡಿ ಬಂದು ಆ ಮಿನುಗನ್ನು ತೆಗೆದುಹಾಕಿತು. ಹಳೆಯ ಗಾಜಿನ ಕೊಳವೆಯಲ್ಲಿ ಎಲೆಕ್ಟ್ರಾನ್ ಕಿರಣ ತಾಗಿದ ಬಿಂದು ಮಿಲಿಸೆಕೆಂಡಿನಷ್ಟು ಹೊತ್ತು ಬೆಳಗಿ ಆರಿಹೋಗುತ್ತಿತ್ತು. ಎಲ್‌ಸಿಡಿಯಲ್ಲಿ ಹಿಂಬದಿಯ ದೀಪ ಸದಾ ಹೊತ್ತಿರುತ್ತದೆ, ಮುಂದಿನ ಚಿತ್ರ ಬರುವ ತನಕ ಹಿಂದಿನದು ಕದಲದೆ ನಿಂತಿರುತ್ತದೆ. ಆಫೀಸಿನ ಕೆಲಸಕ್ಕೆ ಇದು ವರವಾಯಿತು. ಗೇಮ್ ಆಡುವವರು ಮಾತ್ರ ಹೊಸದೊಂದು ತೊಂದರೆ ಕಂಡರು: ಹೊಸ ಚಪ್ಪಟೆ ಪರದೆಯಲ್ಲಿ ಓಡುವುದೆಲ್ಲ ಮಸುಕು. ಹಲವು ಸ್ಪರ್ಧಾಳುಗಳು ಹಳೆಯ ಭಾರದ ಮಾನಿಟರನ್ನು ಬಹುಕಾಲ ಬಿಡಲಿಲ್ಲ.

ಈ ಮಸುಕು ಎಲ್ಲಿಂದ ಬಂತು ಎಂಬುದೇ ಈ ಅಧ್ಯಾಯದ ತಿರುಳು. ಸ್ವಲ್ಪ ನಿಧಾನವಾಗಿ ನೋಡೋಣ. 1920 ಪಿಕ್ಸೆಲ್ ಅಗಲದ ಪರದೆಯನ್ನು ಒಬ್ಬ ಎದುರಾಳಿ ಎರಡು ಸೆಕೆಂಡಿನಲ್ಲಿ ದಾಟುತ್ತಾನೆ ಎನ್ನಿ. ವೇಗ ಸೆಕೆಂಡಿಗೆ 960 ಪಿಕ್ಸೆಲ್. 60 ಹರ್ಟ್ಜ್ ಪರದೆಯಲ್ಲಿ ಅವನು ಒಂದೊಂದು ಫ್ರೇಮಿಗೂ 16 ಪಿಕ್ಸೆಲ್ ಹಾರುತ್ತಾನೆ, ಮುಂದಿನ ಫ್ರೇಮ್ ಬರುವವರೆಗೆ 16.7 ಮಿಲಿಸೆಕೆಂಡ್ ಅಲ್ಲೇ ನಿಲ್ಲುತ್ತಾನೆ. ಆದರೆ ಅವನನ್ನು ಹಿಂಬಾಲಿಸುವ ನಿಮ್ಮ ಕಣ್ಣು ಹಾರುವುದಿಲ್ಲ, ನಿಲ್ಲುವುದೂ ಇಲ್ಲ. ಅದು ಸಮವೇಗದಲ್ಲಿ ಜಾರುತ್ತ ಹೋಗುತ್ತದೆ. ಚಿತ್ರ ನಿಂತಿದೆ, ಕಣ್ಣು ಜಾರುತ್ತಿದೆ. ಆ 16.7 ಮಿಲಿಸೆಕೆಂಡಿನಲ್ಲಿ ನಿಂತ ಚಿತ್ರ ನಿಮ್ಮ ಅಕ್ಷಿಪಟಲದ ಮೇಲೆ 16 ಪಿಕ್ಸೆಲ್ ಅಗಲಕ್ಕೆ ಸವರಿಕೊಳ್ಳುತ್ತದೆ. ಮಸುಕು ಪರದೆಯಲ್ಲಿಲ್ಲ, ಕಣ್ಣಿನೊಳಗಿದೆ. ಪರದೆಯ ಫೋಟೊ ತೆಗೆದರೆ ಎಲ್ಲ ಚೂಪಾಗಿಯೇ ಇರುತ್ತದೆ.

ಇದಕ್ಕೆ ಮದ್ದು, ಚಿತ್ರ ನಿಲ್ಲುವ ಕಾಲವನ್ನು ಕಡಿಮೆ ಮಾಡುವುದು. 120 ಹರ್ಟ್ಜ್‌ನಲ್ಲಿ ಮಸುಕು 8 ಪಿಕ್ಸೆಲ್, 240ರಲ್ಲಿ 4, 480ರಲ್ಲಿ 2. ಎದುರಾಳಿಯ ಟೊಪ್ಪಿಗೆಯ ಅಂಚು, ಕೈಯಲ್ಲಿರುವ ಬಂದೂಕಿನ ಆಕಾರ, ಬೇಲಿಯ ಕಂಬಿಗಳು ಒಂದಕ್ಕೊಂದು ಬೆರೆಯದೆ ಬಿಡಿಬಿಡಿಯಾಗಿ ಕಾಣತೊಡಗುವುದು ಇದರಿಂದ. ‘ಸ್ಮೂತ್ ಆಗಿದೆ’ ಎಂದು ಹುಡುಗರು ಹೇಳುವುದರಲ್ಲಿ ಅರ್ಧ ಪಾಲು ಈ ಸ್ಪಷ್ಟತೆಯದೇ. ಕಣ್ಣು ಹಿಂಬಾಲಿಸದೆ ಒಂದೆಡೆ ನೆಟ್ಟಿದ್ದರೆ ಬೇರೆಯೇ ಆಟ ನಡೆಯುತ್ತದೆ. ಮೌಸಿನ ಬಾಣವನ್ನು ಬಿಳಿ ಹಾಳೆಯ ಮೇಲೆ ರಭಸವಾಗಿ ಗಿರಗಿರ ತಿರುಗಿಸಿ ನೋಡಿ: ಒಂದು ಬಾಣದ ಬದಲು ಸಾಲು ಬಾಣಗಳು ಕಾಣುತ್ತವೆ, ನಡುವೆ ಬೋಳು ಜಾಗ. 144ರ ಪರದೆಯಲ್ಲಿ ಆ ಸಾಲು ದಟ್ಟವಾಗುತ್ತದೆ. ಅಂಗಡಿಯಲ್ಲಿ ಎರಡು ಮಾನಿಟರ್ ಹೋಲಿಸಲು ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ.

ಈಗ ಡಬ್ಬದ ಮೇಲಿನ ಅಂಕಿಯನ್ನು ತಿರುವಿ ಹಾಕೋಣ. ಹರ್ಟ್ಜ್ ಕೊಳ್ಳಬೇಡಿ, ಮಿಲಿಸೆಕೆಂಡ್ ಕೊಳ್ಳಿ. 60 ಹರ್ಟ್ಜ್ ಎಂದರೆ ಫ್ರೇಮಿಗೆ 16.7 ಮಿಲಿಸೆಕೆಂಡ್, 144 ಎಂದರೆ 6.9, 240 ಎಂದರೆ 4.2, 360 ಎಂದರೆ 2.8, 540 ಎಂದರೆ 1.9. ಮೊದಲ ಹೆಜ್ಜೆಯಲ್ಲಿ ಉಳಿತಾಯ ಹತ್ತಿರ ಹತ್ತಿರ 10 ಮಿಲಿಸೆಕೆಂಡ್. 144ರಿಂದ 240ಕ್ಕೆ ಹೋದರೆ ಮೂರಕ್ಕೂ ಕಡಿಮೆ. 240ರಿಂದ 360ಕ್ಕೆ ಒಂದೂವರೆಗೂ ಕಡಿಮೆ. ಕೊನೆಯ 180 ಹರ್ಟ್ಜ್ ಏರಿಕೆಗೆ ಸಿಗುವುದು ಒಂದು ಮಿಲಿಸೆಕೆಂಡೂ ಅಲ್ಲ. ಅಂಕಿ ಏರಿದಂತೆ ಲಾಭ ಕುಗ್ಗುತ್ತದೆ, ಬೆಲೆ ಕುಗ್ಗುವುದಿಲ್ಲ. ತಯಾರಕರು ಮಿಲಿಸೆಕೆಂಡಿನಲ್ಲಿ ಜಾಹೀರಾತು ಮಾಡಿದ್ದರೆ ಈ ಮಾರುಕಟ್ಟೆ ಬೇರೆಯೇ ರೀತಿ ಬೆಳೆಯುತ್ತಿತ್ತು.

ಈ ಲೆಕ್ಕವೆಲ್ಲ ಪಿಕ್ಸೆಲ್ ಕ್ಷಣಾರ್ಧದಲ್ಲಿ ಬಣ್ಣ ಬದಲಿಸುತ್ತದೆ ಎಂದು ಒಪ್ಪಿಕೊಂಡು ಮಾಡಿದ್ದು. ಎಲ್‌ಸಿಡಿ ಹಾಗೆ ಬದಲಿಸುವುದಿಲ್ಲ. ಅದರೊಳಗಿರುವುದು ದ್ರವ ಸ್ಫಟಿಕ, ಹರಿಯುವ ಗುಣವೂ ಸ್ಫಟಿಕದ ಶಿಸ್ತೂ ಕೂಡಿದ ವಸ್ತು. ಆಸ್ಟ್ರಿಯಾದ ಸಸ್ಯವಿಜ್ಞಾನಿ ಫ್ರೀಡ್ರಿಚ್ ರೈನಿಟ್ಜರ್ 1888ರಲ್ಲಿ ಪ್ರಾಗ್‌ನಲ್ಲಿ ಕೊಲೆಸ್ಟರಾಲಿನ ಒಂದು ಸಂಯುಕ್ತವನ್ನು ಕಾಯಿಸುತ್ತಿದ್ದಾಗ ಅದು ಎರಡು ಸಲ ಕರಗಿತು: ಒಮ್ಮೆ ಮೋಡದಂಥ ದ್ರವವಾಗಿ, ಇನ್ನಷ್ಟು ಕಾಯಿಸಿದಾಗ ತಿಳಿಯಾಗಿ. ಆ ಮೋಡದ ಸ್ಥಿತಿಯ ಬಂಧುಗಳೇ ಇಂದು ನಮ್ಮ ಪರದೆಗಳೊಳಗೆ ಇರುವುದು. ಕಡ್ಡಿಯಾಕಾರದ ಅಣುಗಳು ವಿದ್ಯುತ್ ಕ್ಷೇತ್ರಕ್ಕೆ ಸಿಕ್ಕಿ ಹೊರಳುತ್ತವೆ. ಹೊರಳಿದಷ್ಟು ಬೆಳಕು ಆಚೆ ಹೋಗುತ್ತದೆ ಅಥವಾ ತಡೆಯಲ್ಪಡುತ್ತದೆ. ಹೊರಳುವುದೆಂದರೆ ಅಣುಗಳು ನಿಜವಾಗಿ ಮೈ ತಿರುಗಿಸಬೇಕು. ಅದಕ್ಕೆ ಸಮಯ ಬೇಕು.

1970ರ ಸುಮಾರಿಗೆ ಬಂದ ಟಿಎನ್ ಎಂಬ ವಿನ್ಯಾಸ ಅಗ್ಗದ್ದು, ಚುರುಕಾದದ್ದು. 2009ರಲ್ಲಿ ಮಾರುಕಟ್ಟೆಗೆ ಬಂದ ಮೊದಲ 120 ಹರ್ಟ್ಜ್ ಗೇಮಿಂಗ್ ಎಲ್‌ಸಿಡಿಗಳು ಟಿಎನ್‌ನವೇ. ಅವನ್ನು ಮಾರಿದ್ದು ಕನ್ನಡಕ ಹಾಕಿ ನೋಡುವ ತ್ರೀಡಿ ಗೇಮ್‌ಗಳಿಗೆಂದು. ಎರಡು ಕಣ್ಣಿಗೂ 60–60 ಹಂಚಬೇಕಿತ್ತಲ್ಲ. ತ್ರೀಡಿ ಕನ್ನಡಕ ಮೂಲೆ ಸೇರಿತು, 120 ಉಳಿದುಕೊಂಡಿತು. ಟಿಎನ್‌ನ ದೋಷವೆಂದರೆ ಸ್ವಲ್ಪ ಓರೆಯಿಂದ ನೋಡಿದರೆ ಬಣ್ಣ ಕೆಡುವುದು. ಈ ದೋಷವನ್ನು ತಕ್ಕಮಟ್ಟಿಗೆ ಸರಿಪಡಿಸಿದ ತೆಳು ಹಾಳೆಗೂ ಬೆಂಗಳೂರಿಗೂ ನಂಟಿದೆ. ಸರ್ ಸಿ.ವಿ. ರಾಮನ್ ಅವರ ಸೋದರಳಿಯ ಎಸ್. ಚಂದ್ರಶೇಖರ್ ಮೈಸೂರು ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗ ಕಟ್ಟಿದವರು. 1971ರಲ್ಲಿ ಅಲ್ಲಿಂದ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ದ್ರವ ಸ್ಫಟಿಕಗಳ ಪ್ರಯೋಗಾಲಯ ನಡೆಸಿದರು. ಅಲ್ಲಿಯವರೆಗೆ ದ್ರವ ಸ್ಫಟಿಕ ಎಂದರೆ ಕಡ್ಡಿಯಾಕಾರದ ಅಣು ಎಂದೇ ತಿಳಿವಳಿಕೆ. ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಅವರೊಡನೆ ಸೇರಿ ಚಂದ್ರಶೇಖರ್ 1977ರಲ್ಲಿ ತಟ್ಟೆಯಾಕಾರದ ಅಣುಗಳೂ ದ್ರವ ಸ್ಫಟಿಕವಾಗಬಲ್ಲವೆಂದು ತೋರಿಸಿದರು. ಪ್ರಬಂಧ ಪ್ರಕಟವಾದದ್ದೂ ಬೆಂಗಳೂರಿನಿಂದಲೇ ಹೊರಡುವ ‘ಪ್ರಮಾಣ’ ಪತ್ರಿಕೆಯಲ್ಲಿ. ಇಂಥ ತಟ್ಟೆ ಅಣುಗಳನ್ನು ಓರೆಯಾಗಿ ಜೋಡಿಸಿ ಮಾಡಿದ ಹಾಳೆಯನ್ನು ಜಪಾನಿನ ಫ್ಯೂಜಿಫಿಲ್ಮ್ ಟಿಎನ್ ಪರದೆಗಳ ನೋಟಕೋನ ಹಿಗ್ಗಿಸಲು ಮಾರುಕಟ್ಟೆಗೆ ತಂದಿತು. ಲ್ಯಾಪ್‌ಟಾಪ್ ಕೊಂಡವರಲ್ಲಿ ಎಷ್ಟೋ ಜನ ಇದರ ಲಾಭ ಪಡೆದರು, ಹೆಸರು ಮಾತ್ರ ಕೇಳಿರಲಿಲ್ಲ.

ಇಂದು ಟಿಎನ್ ಹಿಂದೆ ಸರಿದಿದೆ. ಅಂಗಡಿಯಲ್ಲಿ ನಿಮಗೆ ಸಿಗುವುದು ಹೆಚ್ಚಾಗಿ ಐಪಿಎಸ್, ವಿಎ, ಒಎಲ್‌ಇಡಿ. ಐಪಿಎಸ್ ಬಣ್ಣದಲ್ಲಿ ನಂಬಿಕಸ್ತ, ಓರೆಯಿಂದಲೂ ಚೆನ್ನ, ಈಗ ವೇಗದಲ್ಲೂ ಟಿಎನ್‌ಗೆ ಸಮ. ಕತ್ತಲ ಕೋಣೆಯಲ್ಲಿ ಅದರ ಕಪ್ಪು ಮಾತ್ರ ಬೂದಿ ಬಣ್ಣ. ವಿಎಯ ಕಪ್ಪು ನಿಜವಾದ ಕಪ್ಪು. ಆದರೆ ಕಪ್ಪಿನಿಂದ ಕಡುಬೂದಿಗೆ ಹೊರಳಲು ಅದರ ಅಣುಗಳು ಒದ್ದಾಡುತ್ತವೆ: ರಾತ್ರಿಯ ದೃಶ್ಯದಲ್ಲಿ ಓಡುವವನ ಹಿಂದೆ ಕರಿ ಮಸಿ ಎಳೆದ ಗುರುತು ಉಳಿಯುತ್ತದೆ. ಅಗ್ಗದ ವಿಎ ಪರದೆಗೆ 165 ಹರ್ಟ್ಜ್ ಎಂದು ಅಚ್ಚು ಹಾಕಿದರೂ ಕತ್ತಲಲ್ಲಿ ಅದು 60ರ ಹಾಗೆಯೇ ಕಾಣುವುದುಂಟು. ಫ್ರೇಮಿಗೆ 6 ಮಿಲಿಸೆಕೆಂಡ್ ಕೊಟ್ಟು ಪಿಕ್ಸೆಲ್ ಹೊರಳಲು ಅದರ ಮೂರು ಪಟ್ಟು ಬೇಕಾದರೆ ಇನ್ನೇನಾದೀತು?

‘1 ಎಂಎಸ್’ ಎಂಬ ಮುದ್ರೆ ಎಲ್ಲ ಡಬ್ಬಗಳ ಮೇಲೂ ಇರುತ್ತದಲ್ಲ ಎನ್ನುತ್ತೀರಿ. ಅದನ್ನು ನಂಬಬೇಡಿ. ಒಂದು ಬೂದಿ ಬಣ್ಣದಿಂದ ಇನ್ನೊಂದಕ್ಕೆ ಹೋಗುವ ನೂರಾರು ದಾರಿಗಳಲ್ಲಿ ಅತಿ ವೇಗದ ಒಂದನ್ನು ಆರಿಸಿ ಅಳೆದ ಸಂಖ್ಯೆ ಅದು. ಅದಕ್ಕಾಗಿ ‘ಓವರ್‌ಡ್ರೈವ್’ ಎಂಬ ಸೌಲಭ್ಯವನ್ನು ತುತ್ತತುದಿಗೆ ಏರಿಸಿರುತ್ತಾರೆ: ಅಣುಗಳು ಬೇಗ ಹೊರಳಲೆಂದು ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜು. ಆಗ ಪಿಕ್ಸೆಲ್ ಗುರಿ ದಾಟಿ ಹೋಗಿ ಹಿಂದಿರುಗುತ್ತದೆ, ವಸ್ತುವಿನ ಅಂಚಿಗೆ ಬಿಳಿಚಿದ ನೆರಳೊಂದು ಅಂಟಿಕೊಳ್ಳುತ್ತದೆ. ಮನೆಯಲ್ಲಿ ಮಾನಿಟರ್ ಮೆನುವಿನಲ್ಲಿ ಇದನ್ನು ಮಧ್ಯದ ಮಟ್ಟಕ್ಕೆ ಇಳಿಸಿದರೆ ಹೆಚ್ಚಿನ ಪರದೆಗಳು ಸುಧಾರಿಸುತ್ತವೆ. ಇನ್ನು ‘1 ಎಂಎಸ್ ಎಂಪಿಆರ್‌ಟಿ’ ಎಂದಿದ್ದರೆ ಅದು ಪಿಕ್ಸೆಲ್ಲಿನ ಮಾತೇ ಅಲ್ಲ. ಹಿಂಬದಿಯ ದೀಪವನ್ನು ಫ್ರೇಮಿಗೊಮ್ಮೆ ಫಕ್ಕನೆ ಹೊತ್ತಿಸಿ ಆರಿಸುವ ತಂತ್ರ ಅದು. ಮಸುಕು ನಿಜಕ್ಕೂ ಕಡಿಮೆಯಾಗುತ್ತದೆ. ಜೊತೆಗೆ ಬೆಳಕೂ ತಗ್ಗುತ್ತದೆ, ನಾವು ಇಷ್ಟು ಕಷ್ಟಪಟ್ಟು ತೊಲಗಿಸಿದ ಹಳೆಯ ಮಿನುಗು ಮರಳಿ ಬರುತ್ತದೆ. ಈ ಅಳತೆಗಳ ಗೊಂದಲ ಕಂಡು ಪರದೆ ಮಾನದಂಡಗಳ ಸಂಸ್ಥೆಯಾದ ವೆಸಾ 2022ರಲ್ಲಿ ‘ಕ್ಲಿಯರ್‌ಎಂಆರ್’ ಎಂಬ ಬೇರೆ ಮುದ್ರೆಯನ್ನೇ ಶುರು ಮಾಡಿತು. ಅದು ಮಿಲಿಸೆಕೆಂಡ್ ಹೇಳುವುದಿಲ್ಲ, ಸ್ಪಷ್ಟ ಪಿಕ್ಸೆಲ್ಲಿಗೂ ಮಸುಕು ಪಿಕ್ಸೆಲ್ಲಿಗೂ ಇರುವ ಅನುಪಾತ ಹೇಳುತ್ತದೆ.

ಒಎಲ್‌ಇಡಿಯಲ್ಲಿ ಹೊರಳುವ ಅಣುಗಳೇ ಇಲ್ಲ. ಒಂದೊಂದು ಪಿಕ್ಸೆಲ್ಲೂ ತಾನೇ ಬೆಳಗುತ್ತದೆ, ತಾನೇ ಆರುತ್ತದೆ. ಬಣ್ಣ ಬದಲಾಗಲು ಮಿಲಿಸೆಕೆಂಡಿನ ಸಣ್ಣ ತುಣುಕು ಸಾಕು. ಹೀಗಾಗಿ 240ರ ಒಎಲ್‌ಇಡಿ ಚಲನೆಯಲ್ಲಿ ಅದಕ್ಕಿಂತ ಹೆಚ್ಚಿನ ಅಂಕಿಯ ಎಷ್ಟೋ ಎಲ್‌ಸಿಡಿಗಳಿಗಿಂತ ಸ್ಪಷ್ಟ. ಚಿತ್ರ ಮುಂದಿನ ಫ್ರೇಮಿನವರೆಗೆ ನಿಲ್ಲುವುದು ಇಲ್ಲೂ ಇದೆ, ಆದ್ದರಿಂದ ಕಣ್ಣಿನೊಳಗಿನ ಮಸುಕು ಪೂರ್ತಿ ಹೋಗದು. ಗೇಮಿನ ಆರೋಗ್ಯದ ಪಟ್ಟಿ, ನಕ್ಷೆ, ವಿಂಡೋಸ್‌ನ ಕೆಳಗಿನ ಪಟ್ಟಿಯಂಥ ಕದಲದ ಆಕೃತಿಗಳು ವರ್ಷಗಳಲ್ಲಿ ಅಚ್ಚೊತ್ತಿಬಿಡುವ ಭಯವೂ ಇದೆ. ಹಗಲೆಲ್ಲ ಎಕ್ಸೆಲ್, ರಾತ್ರಿ ಗೇಮ್ ಎನ್ನುವವರು ಒಎಲ್‌ಇಡಿ ಕೊಳ್ಳುವ ಮುನ್ನ ವಾರಂಟಿಯಲ್ಲಿ ಈ ಅಚ್ಚಿನ ಬಗ್ಗೆ ಏನು ಬರೆದಿದೆ ಎಂದು ಓದಬೇಕು.

ಕಣ್ಣಿನ ಮಾತು ಇಷ್ಟು. ಕೈಯ ಮಾತಿಗೆ ಬರೋಣ. ನೀವು ಮೌಸ್ ಒತ್ತಿದ ಕ್ಷಣದಿಂದ ಪರದೆಯಲ್ಲಿ ಕಿಡಿ ಕಾಣುವವರೆಗೆ ಒಂದು ಮೆರವಣಿಗೆಯೇ ಸಾಗಬೇಕು: ಮೌಸ್ ಸುದ್ದಿ ಕಳಿಸಬೇಕು, ಗೇಮ್ ಲೆಕ್ಕ ಹಾಕಬೇಕು, ಗ್ರಾಫಿಕ್ಸ್ ಕಾರ್ಡ್ ಚಿತ್ರ ಬರೆಯಬೇಕು, ಆ ಚಿತ್ರ ಪರದೆಯ ಸರದಿಗೆ ಕಾಯಬೇಕು, ಪರದೆ ಅದನ್ನು ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ತುಂಬಬೇಕು. ಕಾಯುವ ಹಂತ ಬಸ್ ನಿಲ್ದಾಣದ ಲೆಕ್ಕ. ಅರ್ಧ ಗಂಟೆಗೊಂದು ಬಸ್ ಇರುವ ಊರಿನಲ್ಲಿ ವೇಳಾಪಟ್ಟಿ ನೋಡದೆ ಬಂದವನು ಸರಾಸರಿ ಕಾಲು ಗಂಟೆ ಕಾಯುತ್ತಾನೆ. ಹತ್ತು ನಿಮಿಷಕ್ಕೊಂದು ಇದ್ದರೆ ಐದೇ ನಿಮಿಷ. 60 ಹರ್ಟ್ಜ್ ಪರದೆಯಲ್ಲಿ ಈ ಸರಾಸರಿ ಕಾಯುವಿಕೆ 8 ಮಿಲಿಸೆಕೆಂಡಿಗೂ ಹೆಚ್ಚು, 240ರಲ್ಲಿ 2 ಮಾತ್ರ. ಗೆರೆ ತುಂಬುವ ಕೆಲಸವೂ ಅಷ್ಟೇ ಪಟ್ಟು ಬೇಗ ಮುಗಿಯುತ್ತದೆ.

ಕಂಡದ್ದಕ್ಕೆ ಕೈ ಸ್ಪಂದಿಸಲು ಮನುಷ್ಯನಿಗೆ ಹೇಗೂ 200 ಮಿಲಿಸೆಕೆಂಡಿಗೂ ಮಿಕ್ಕಿ ಬೇಕು. ಹತ್ತು ಉಳಿಸಿ ಏನು ಉಪಯೋಗ ಎಂದು ಕೇಳಬಹುದು. ಆ 200 ನಿಮ್ಮ ಎದುರಾಳಿಗೂ ಇದೆ. ಇಬ್ಬರೂ ಒಂದೇ ಕ್ಷಣ ಗುಂಡು ಹಾರಿಸಿದಾಗ ತೀರ್ಮಾನವಾಗುವುದು ಉಳಿದ ಹತ್ತರಲ್ಲಿ. ಅದಕ್ಕಿಂತ ಮುಖ್ಯ, ಗುರಿ ಇಡುವುದು ಒಂದು ಸಲದ ಪ್ರತಿಕ್ರಿಯೆಯಲ್ಲ. ನೋಡುವುದು, ತಿದ್ದುವುದು, ಮತ್ತೆ ನೋಡುವುದು ಎಂಬ ಸುತ್ತು ನಿಲ್ಲದೆ ನಡೆಯುತ್ತಿರುತ್ತದೆ. ವಿಳಂಬ ಹೆಚ್ಚಾದಷ್ಟೂ ಕೈ ಗುರಿಯನ್ನು ದಾಟಿ ದಾಟಿ ಹಿಂದೆ ಬರುತ್ತದೆ. ಗ್ರಾಫಿಕ್ಸ್ ಕಾರ್ಡ್ ಮಾರುವ ಎನ್ವಿಡಿಯಾದ ಸಂಶೋಧಕರೇ 2019ರಲ್ಲಿ ಇದನ್ನು ಪರೀಕ್ಷಿಸಿ, ಗುರಿ ಇಡುವ ಕೆಲಸದಲ್ಲಿ ರಿಫ್ರೆಶ್ ರೇಟನ್ನು 60ರಿಂದಾಚೆ ಏರಿಸುವುದಕ್ಕಿಂತ ಒಟ್ಟು ವಿಳಂಬವನ್ನು ಇಳಿಸುವುದೇ ಹೆಚ್ಚು ಫಲ ಕೊಡುತ್ತದೆ ಎಂದು ಪ್ರಕಟಿಸಿದರು. ಹೆಚ್ಚು ಹರ್ಟ್ಜ್‌ನ ಪರದೆ ವಿಳಂಬವನ್ನೂ ಇಳಿಸುತ್ತದೆ ನಿಜ. ಆದರೆ ಸೆಕೆಂಡಿಗೆ 125 ಸಲ ಮಾತ್ರ ಸುದ್ದಿ ಕಳಿಸುವ ಸಾಧಾರಣ ಮೌಸ್ ಒಂದೇ 8 ಮಿಲಿಸೆಕೆಂಡ್ ತಿನ್ನಬಹುದು. ಸಾವಿರ ಸಲ ಕಳಿಸುವ ಮೌಸ್ ಇಂದು ದುಬಾರಿಯಲ್ಲ. ವ್ಯಾಲರಂಟ್ ಆಟದ ಸರ್ವರ್ ಕೂಡ ಜಗತ್ತನ್ನು ಸೆಕೆಂಡಿಗೆ 128 ಬಾರಿ ಮಾತ್ರ ಲೆಕ್ಕ ಹಾಕುತ್ತದೆ. ಮನೆಯ ವೈಫೈ ಜೋಲಿ ಹೊಡೆಯುತ್ತಿದ್ದರೆ ಅದರ ಮುಂದೆ 240ಕ್ಕೂ 360ಕ್ಕೂ ಇರುವ ಅಂತರ ಲೆಕ್ಕಕ್ಕೇ ಬಾರದು.

ಪರದೆ ಗಡಿಯಾರದ ಶಿಸ್ತಿನಲ್ಲಿ ಚಿತ್ರ ಬದಲಿಸುತ್ತದೆ, ಗ್ರಾಫಿಕ್ಸ್ ಕಾರ್ಡಿಗೆ ಆ ಶಿಸ್ತಿಲ್ಲ. ಖಾಲಿ ಬಯಲನ್ನು ಬೇಗ ಬರೆಯುತ್ತದೆ, ಹೊಗೆ ಬೆಂಕಿ ತುಂಬಿದ ಬೀದಿಯನ್ನು ನಿಧಾನವಾಗಿ. ಪರದೆ ಅರ್ಧ ತುಂಬಿದಾಗ ಹೊಸ ಚಿತ್ರ ಬಂದರೆ ಮೇಲರ್ಧ ಹಳೆಯದು, ಕೆಳಗಿನರ್ಧ ಹೊಸದಾಗಿ ನಡುವೆ ಅಡ್ಡ ಸೀಳು ಬೀಳುತ್ತದೆ. ಸೀಳು ತಪ್ಪಿಸಲೆಂದು ಗ್ರಾಫಿಕ್ಸ್ ಕಾರ್ಡನ್ನು ಕಾಯಿಸಿದರೆ ವಿಳಂಬ ಹೆಚ್ಚುತ್ತದೆ. ಇದಕ್ಕೆ ಉತ್ತರ, ಚಿತ್ರ ಸಿದ್ಧವಾದಾಗಲೇ ಪರದೆ ಬದಲಾಗುವಂತೆ ಮಾಡುವುದು. ಎನ್ವಿಡಿಯಾ 2013ರಲ್ಲಿ ಜಿ–ಸಿಂಕ್ ಎಂದು ಇದನ್ನು ಘೋಷಿಸಿತು. ಮರುವರ್ಷ ವೆಸಾ ಇದೇ ಗುಣವನ್ನು ಡಿಸ್‌ಪ್ಲೇ ಪೋರ್ಟ್ ಮಾನದಂಡಕ್ಕೆ ಸೇರಿಸಿತು, ಅದರ ಮೇಲೆ ಎಎಂಡಿಯ ಫ್ರೀಸಿಂಕ್ ನಿಂತಿತು. ಇಂದು ಅಗ್ಗದ ಮಾನಿಟರುಗಳಲ್ಲೂ ಇದು ಸಿಗುತ್ತದೆ. 144ರ ಜೊತೆ ಇದಿದ್ದರೆ, ಇದಿಲ್ಲದ 240ಕ್ಕಿಂತ ಒಳ್ಳೆಯ ಅನುಭವ ಎಂಬುದು ನನ್ನ ಅಭಿಪ್ರಾಯ. ಇದು ಕೆಲಸ ಮಾಡುವ ಕೆಳಮಿತಿಯನ್ನೊಮ್ಮೆ ನೋಡಿ: 48 ಹರ್ಟ್ಜ್‌ನಿಂದ ಶುರುವಾಗುವ ವ್ಯಾಪ್ತಿಯಾದರೆ ಚೆನ್ನ.

ಇನ್ನು ಯಾರಿಗೆ ಯಾವುದು. ಮೊದಲು ನಿಮ್ಮ ಗೇಮಿನಲ್ಲಿ ಈಗ ಎಷ್ಟು ಫ್ರೇಮ್ ಬರುತ್ತಿದೆ ಎಂದು ಅಳೆಯಿರಿ. ಸೆಕೆಂಡಿಗೆ 70 ಚಿತ್ರ ಬರೆಯುವ ಕಾರ್ಡಿಗೆ 240ರ ಪರದೆ ಜೋಡಿಸಿದರೆ ನೋಡಲು ಸಿಗುವುದು 70 ಚಿತ್ರಗಳೇ. 1080ಪಿ ಎಂದರೆ ಫ್ರೇಮಿಗೆ ಸುಮಾರು 21 ಲಕ್ಷ ಪಿಕ್ಸೆಲ್, 1440ಪಿ ಎಂದರೆ 37 ಲಕ್ಷ, 4ಕೆ ಎಂದರೆ 83 ಲಕ್ಷ. ಪರದೆಯ ಸೂಕ್ಷ್ಮತೆ ಏರಿಸಿದಂತೆ ಕಾರ್ಡಿನ ಮೇಲಿನ ಹೊರೆ ಏರುತ್ತದೆ, ಫ್ರೇಮು ಇಳಿಯುತ್ತದೆ. ಕಥೆಯುಳ್ಳ ದೊಡ್ಡ ಗೇಮ್‌ಗಳನ್ನು ನಿಧಾನವಾಗಿ ಆಡುವವರಿಗೆ 27 ಇಂಚಿನ 1440ಪಿ ಐಪಿಎಸ್, 144ರಿಂದ 180 ಹರ್ಟ್ಜ್ ಧಾರಾಳ. ವ್ಯಾಲರಂಟ್, ಕೌಂಟರ್–ಸ್ಟ್ರೈಕ್ ಬಿಟ್ಟು ಬೇರೇನೂ ಆಡದವರು 240ಕ್ಕೆ ಹೋಗಬಹುದು. ಆ ಗೇಮ್‌ಗಳು ಸಾಧಾರಣ ಕಾರ್ಡಿನಲ್ಲೂ ಅಷ್ಟು ಫ್ರೇಮ್ ಕೊಡುತ್ತವೆ. ಎಲ್‌ಸಿಡಿಯಲ್ಲಿ 240ರಿಂದ ಮೇಲಿನದು ಬಹುಮಾನಕ್ಕೆ ಆಡುವವರ ಖರ್ಚು, ಮಿಕ್ಕವರಿಗೆ ಪ್ರತಿಷ್ಠೆಯ ಖರ್ಚು. ಆ ಹಣವಿದ್ದರೆ 240ರ ಒಎಲ್‌ಇಡಿ ನೋಡಿ. ಪಿಎಸ್5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಕೊಡುವುದೇ ಗರಿಷ್ಠ 120. ಅವಕ್ಕೆ 240ರ ಪರದೆ ಕೊಂಡರೆ ಅರ್ಧ ಹಣ ಕೆರೆಗೆ.

ಕೇಬಲ್ಲನ್ನು ಮರೆಯುವವರೇ ಹೆಚ್ಚು. 1440ಪಿಯಲ್ಲಿ 180 ಹರ್ಟ್ಜ್ ಎಂದರೆ ಬರೀ ಬಣ್ಣದ ಮಾಹಿತಿಯೇ ಸೆಕೆಂಡಿಗೆ ಸುಮಾರು 16 ಗಿಗಾಬಿಟ್. ಎಚ್‌ಡಿಎಂಐ 2.0ರ ಮೂಲಕ ನಿಜವಾಗಿ ಹರಿಯಬಲ್ಲದ್ದು 14.4. ಡಿಸ್‌ಪ್ಲೇ ಪೋರ್ಟ್ 1.4 ಆದರೆ ಸುಮಾರು 26, ನಿರಾಳ. ಪಿಸಿಗೆ ಡಿಸ್‌ಪ್ಲೇ ಪೋರ್ಟ್, ಕನ್ಸೋಲಿಗೆ ಎಚ್‌ಡಿಎಂಐ 2.1 ಎಂದಿಟ್ಟುಕೊಂಡರೆ ಸಾಮಾನ್ಯವಾಗಿ ತೊಂದರೆಯಿಲ್ಲ.

ಅಂಗಡಿಯಲ್ಲಿ ಮಾನಿಟರನ್ನು ಚಾಲೂ ಮಾಡಿ ತೋರಿಸಲು ಕೇಳಿ, ಕತ್ತಲ ದೃಶ್ಯವೊಂದನ್ನು ಓಡಿಸಿ ನೋಡಿ, ಮೌಸಿನ ಬಾಣ ತಿರುಗಿಸಿ. ಮನೆಗೆ ತಂದು ಜೋಡಿಸಿದ ಮೇಲೆ ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ, ಅದರೊಳಗೆ ಅಡ್ವಾನ್ಸ್‌ಡ್ ಡಿಸ್‌ಪ್ಲೇಗೆ ಹೋಗಿ ರಿಫ್ರೆಶ್ ರೇಟ್ ಎಷ್ಟಿದೆ ನೋಡಿ. ಹೊಸ ಮಾನಿಟರನ್ನು ವಿಂಡೋಸ್ ಎಷ್ಟೋ ಸಲ 60ರಲ್ಲೇ ಬಿಟ್ಟಿರುತ್ತದೆ. ನೀವಾಗಿ ಬದಲಿಸುವ ತನಕ ಅದು 60ರಲ್ಲೇ ಓಡುತ್ತದೆ. ಪಟ್ಟಿಯಲ್ಲಿ ದೊಡ್ಡ ಅಂಕಿ ಕಾಣದಿದ್ದರೆ ಅಂಗಡಿಯವನ ಜೊತೆ ಜಗಳಕ್ಕೆ ಹೋಗುವ ಮೊದಲು ಕೇಬಲ್ ಬದಲಿಸಿ ನೋಡಿ.